ಮೂರನೇ ಬಟ್ಟಲಿನ ಲುಬಾಬಾ

ದೆಸ್ಸಿ ಊರಿನ ಪಿಯಾಸಾ ಪೇಟೆಯಲ್ಲಿ ನನ್ನ ಹೊಲಿಗೆ ಅಂಗಡಿಗೂ ಲುಬಾಬಾಳ ಕಂಪ್ಯೂಟರ್ ಅಂಗಡಿಗೂ ನಡುವೆ ಇರುವುದು ಒಂದು ತಗಡಿನ ಗೋಡೆ ಅಷ್ಟೇ. ಹತ್ತೊಂಬತ್ತು ವರ್ಷಗಳಿಂದ ಅವಳ ಕಡೆ ಆಡಿದ ಮಾತೆಲ್ಲ ನನಗೆ ಕೇಳಿಸುತ್ತದೆ, ನನ್ನ ಗೊಣಗಾಟವೆಲ್ಲ ಅವಳಿಗೆ ಕೇಳಿಸುತ್ತದೆ. ಹಾಗಾಗಿ ಅವಳ ವಿಷಯ ಹೇಳಲು ನನಗಿಂತ ಯೋಗ್ಯ ಮನುಷ್ಯ ಈ ಊರಿನಲ್ಲಿಲ್ಲ. ಕಂಪ್ಯೂಟರಿನ ಗಂಧಗಾಳಿ ನನಗಿಲ್ಲ ಎನ್ನುವುದು ಬೇರೆ ಮಾತು.

ಅವಳ ಹತ್ತಿರ ಬರುವುದು ಬಹುಪಾಲು ಒಂದೇ ಜಾತಿಯ ರೋಗಿಗಳು, ಎರಡು ಸಂಸಾರದ ಕಂಪ್ಯೂಟರುಗಳು. ನಮ್ಮ ಕಡೆಯ ಶಾಲೆ, ಆಸ್ಪತ್ರೆಗಳಿಗೆ ಯಾರೋ ದಾನ ಕೊಟ್ಟ ಯಂತ್ರಗಳು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿಕೊಂಡು ಬರುತ್ತವೆ. ಕಾಗದ ಪತ್ರ ಬರೆಯಲು ಜನರಿಗೆ ಕೈಗೆ ಹತ್ತಿದ ವಿಂಡೋಸೇ ಬೇಕು. ಇದ್ದದ್ದನ್ನು ತೆಗೆಯಲು ಮನಸ್ಸಿಲ್ಲ, ಇಲ್ಲದ್ದನ್ನು ಬಿಡಲು ಮನಸ್ಸಿಲ್ಲ. ಅದಕ್ಕೆ ಎರಡನ್ನೂ ಒಂದರಲ್ಲೇ ತುಂಬುತ್ತಾರೆ. ಗುಂಡಿ ಒತ್ತಿದರೆ ಮೊದಲು ಒಂದು ಪಟ್ಟಿ ಬರುತ್ತದೆ, ಇದು ತೆಗೆಯಲೋ ಅದು ತೆಗೆಯಲೋ ಎಂದು ಕೇಳುತ್ತದೆ. ಒಂದು ದಿನ ಆ ಪಟ್ಟಿಯೇ ಬರುವುದಿಲ್ಲ. ಅಥವಾ ಬಂದು, ಒಂದು ಬಾಗಿಲು ತೆರೆದು ಇನ್ನೊಂದು ತೆರೆಯುವುದಿಲ್ಲ. ಆಗ ಯಂತ್ರದ ಯಜಮಾನ ಸತ್ತವರ ಮನೆಯಿಂದ ಬಂದವನ ಮುಖ ಮಾಡಿಕೊಂಡು ನಮ್ಮ ಬೀದಿಗೆ ಬರುತ್ತಾನೆ.

ಲುಬಾಬಾ ಓದಿದ್ದು ಎಂಟನೇ ತರಗತಿ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ. ಅವನು ತೀರಿಕೊಂಡ ವರ್ಷವೇ ಶಾಲೆ ಬಿಟ್ಟು, ಶಿಕ್ಷಕರ ತರಬೇತಿ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕಸ ಗುಡಿಸಲು ಸೇರಿದಳು. ಆ ಕೋಣೆಯ ಉಸ್ತುವಾರಿ ನೋಡುತ್ತಿದ್ದವನು ಟೈ ಕಟ್ಟುವ ಆಸಾಮಿ. ಒಂದು ಸಲ ಒಂದು ಯಂತ್ರ ಏಳಲೇ ಇಲ್ಲವಂತೆ. ಅವನು ಎರಡು ದಿನ ಅದರ ಹೊಟ್ಟೆ ಬಗೆದು, ತಂತಿ ಕಿತ್ತು, ಜೋಡಿಸಿ, ಬೆವರಿಳಿಸಿಕೊಂಡ. ಮೂರನೇ ದಿನ ಲುಬಾಬಾ ನೆಲ ಒರೆಸುತ್ತಾ, "ಸರ್, ಹಿಂದ್ಗಡೆ ಯಾರ್ದೋ ಪೆನ್‌ಡ್ರೈವ್ ಸಿಕ್ಕಾಕ್ಕೊಂಡಿದೆ, ಅದರೊಳಗೇ ಹುಡುಕ್ತಾ ನಿಂತಿರ್ಬೋದಾ?" ಎಂದಳು. ಅದನ್ನು ಕಿತ್ತ ಮೇಲೆ ಯಂತ್ರ ಎದ್ದಿತು. ಆಸಾಮಿ ಆ ವಾರವೆಲ್ಲ ಅವಳೊಂದಿಗೆ ಮಾತಾಡಲಿಲ್ಲ. ಆದರೆ ಅವನು ಕೆಲಸ ಮಾಡುವಾಗ ಅವಳು ಒರೆಸಿದ ನೆಲವನ್ನೇ ಮತ್ತೆ ಮತ್ತೆ ಒರೆಸುತ್ತಾ ಅಲ್ಲೇ ಇರುತ್ತಿದ್ದಳು.

ಆಗಿನಿಂದ ಅವಳಿಗೆ ಒಂದು ಅಭ್ಯಾಸ. ಕೆಟ್ಟ ಯಂತ್ರದ ಪರದೆಯ ಮೇಲೆ ಏನು ಬರೆದು ಬಂದರೂ, ಅರ್ಥವಾಗಲಿ ಬಿಡಲಿ, ಅಕ್ಷರಕ್ಕೆ ಅಕ್ಷರ ಪುಸ್ತಕದಲ್ಲಿ ಇಳಿಸಿಕೊಳ್ಳುತ್ತಾಳೆ. ಪಕ್ಕದಲ್ಲಿ, ಅದು ಕೊನೆಗೆ ಹೇಗೆ ಸರಿಹೋಯಿತು ಎಂದು ನಮ್ಮ ಲಿಪಿಯಲ್ಲಿ ಬರೆಯುತ್ತಾಳೆ. ಇಪ್ಪತ್ತೆರಡು ಶಾಲಾ ಪುಸ್ತಕ ತುಂಬಿವೆ. ಇಂಗ್ಲಿಷ್ ಅವಳು ಕಲಿತದ್ದೇ ಹಾಗೆ. ಯಾರಾದರೂ ಇಂಗ್ಲಿಷಿನಲ್ಲಿ ಕುಶಲ ಕೇಳಿದರೆ ತಬ್ಬಿಬ್ಬಾಗುತ್ತಾಳೆ. "ಡಿಸ್ಕ್ ಸಿಗುತ್ತಿಲ್ಲ" ಎಂದರೆ ನೀರು ಕುಡಿದಂತೆ ಓದುತ್ತಾಳೆ.

ಆದರೆ ಊರಿನಲ್ಲಿ ಅವಳಿಗೆ ಹೆಸರು ಬಂದದ್ದು ಪುಸ್ತಕದಿಂದಲ್ಲ, ಕಾಫಿಯಿಂದ. ಮೂರು ಸುತ್ತು ಕಾಫಿ ಕುಡಿಯದೆ ನಮ್ಮಲ್ಲಿ ಮಾತು ಮುಗಿಯುವುದಿಲ್ಲ. ಮೊದಲನೆಯದು ಅಬೊಲ್, ಎರಡನೆಯದು ತೊನಾ, ಮೂರನೆಯದು ಬೆರೆಕಾ, ಎಂದರೆ ಆಶೀರ್ವಾದ. ಲುಬಾಬಾ ಯಂತ್ರವನ್ನು ಒಂದು ಸಲ ಹಚ್ಚಿ ನೋಡುತ್ತಾಳೆ, ಆರಿಸುತ್ತಾಳೆ, ಕೆಂಡದ ಮೇಲೆ ಮಣ್ಣಿನ ಹೂಜಿ ಇಡುತ್ತಾಳೆ. ಬಂದವರು ಮೂರು ಬಟ್ಟಲು ಮುಗಿಸುವ ತನಕ ಸ್ಕ್ರೂ ಡ್ರೈವರ್ ಮುಟ್ಟುವುದಿಲ್ಲ.

"ಮೊದಲ್ನೇ ಬಟ್ಲಲ್ಲಿ ಎಲ್ರೂ 'ನಾನೇನೂ ಮಾಡ್ಲಿಲ್ಲ' ಅಂತಾರೆ ಗಾಶೆ," ಎಂದು ಒಮ್ಮೆ ನನಗೆ ಹೇಳಿದಳು. ಗಾಶೆ ಎಂದರೆ ಹಿರಿಯ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು. ಅವಳು ಕರೆದರೆ ಅರ್ಧ ಕೀಟಲೆ. "ಎರಡನೇದ್ರಲ್ಲಿ ಇನ್ನೊಬ್ರ ಹೆಸರು ಬರುತ್ತೆ. ನಿಜ ಬರೋದು ಮೂರನೇದಕ್ಕೇ. ಮಿಷಿನ್ ಸುಳ್ಳು ಹೇಳಲ್ಲ, ಪಾಪ."

ನಾನೇ ಕಂಡಿದ್ದೇನೆ. ಒಬ್ಬ ಗಡ್ಡದ ಗುತ್ತಿಗೆದಾರ, ಜಾಗ ಸಾಲದೆಂದು ಡಿಸ್ಕಿನಲ್ಲಿ ಖಾಲಿ ಎಂದು ಕಂಡ ಯಾವುದೋ ಸಣ್ಣ ಭಾಗ ಅಳಿಸಿದ್ದನ್ನು ಮೂರನೇ ಬಟ್ಟಲಿನಲ್ಲಿ ಒಪ್ಪಿಕೊಂಡ. ಯಂತ್ರ ಏಳಲು ಬೇಕಾದದ್ದೆಲ್ಲ ಇದ್ದದ್ದು ಅದರಲ್ಲೇ. ಇಷ್ಟು ಹೊತ್ತು ಅವನು ಬೈಯುತ್ತಿದ್ದದ್ದು ಕರೆಂಟಿನವರನ್ನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಇಷ್ಟು ಪೀಠಿಕೆ ಸಾಕು. ಹೇಳಬೇಕಾದದ್ದು ಯಿಮಾಮ್ ಬಂದ ದಿನದ್ದು.

ಅವತ್ತು ಮಂಜು ತೋಸಾ ಬೆಟ್ಟದಿಂದ ಇಳಿದು ಬೀದಿಯಲ್ಲೇ ಕೂತಿತ್ತು. ಏಳು ಗಂಟೆಯಾಗಿತ್ತು. ನಮ್ಮ ಗಡಿಯಾರ ಸೂರ್ಯನ ಜೊತೆ ಏಳುತ್ತದೆ, ಹೊತ್ತು ಹುಟ್ಟಿ ಎರಡು ತಾಸಾದರೆ ಎರಡು ಗಂಟೆ, ನಡು ಮಧ್ಯಾಹ್ನಕ್ಕೆ ಆರು ಗಂಟೆ. ಊಟವಾಗಿ ಒಂದು ತಾಸು ಎಂದು ಇಟ್ಟುಕೊಳ್ಳಿ. ಐವತ್ತು ದಾಟಿದ ಮನುಷ್ಯ, ಕೋಟಿನ ಮೇಲೆ ಗಾಬಿ ಎಂಬ ಬಿಳಿ ಹತ್ತಿಯ ಹೊದಿಕೆ ಹೊದ್ದಿದ್ದ. ಎದೆಗೆ ಲ್ಯಾಪ್‌ಟಾಪನ್ನು ಮಗು ಎತ್ತಿಕೊಂಡಂತೆ ಅವಚಿಕೊಂಡಿದ್ದ. ಬೆಟ್ಟದ ಮೇಲಿನ ಒಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಯಿಮಾಮ್ ಎಂದು ಹೆಸರು.

"ಅಕ್ಕಾ, ಇದನ್ನ ಎಬ್ಬಿಸ್ಕೊಡಿ. ಹನ್ನೊಂದು ಗಂಟೆ ಒಳಗೆ," ಎಂದರು. ಕೂತುಕೊಳ್ಳಲೂ ಇಲ್ಲ.

ವಿಷಯ ಇಷ್ಟು. ಹನ್ನೆರಡನೇ ತರಗತಿಯ ಪರೀಕ್ಷೆಗೆ ಹೆಸರು ಕೊಡಲು ಅವತ್ತು ಹನ್ನೊಂದು ಗಂಟೆಗೆ ಗಡುವು. ಇನ್ನೂರ ಹದಿನಾಲ್ಕು ಮಕ್ಕಳ ಹೆಸರು, ಹುಟ್ಟಿದ ದಿನ, ಫೋಟೋ, ಬೆರಳಚ್ಚು ಎಲ್ಲ ಆ ಯಂತ್ರದ ಲಿನಕ್ಸ್ ಕಡೆ ಇದ್ದವು. ಶಾಲೆಯಲ್ಲಿ ಇಂಟರ್‌ನೆಟ್ ಇಲ್ಲ, ದೆಸ್ಸಿಗೆ ತಂದು ಕಳಿಸಬೇಕು. ಆದರೆ ಮೂರು ದಿನದಿಂದ ಲಿನಕ್ಸ್ ಕಡೆ ತೆರೆಯುತ್ತಿಲ್ಲ. ಮಕ್ಕಳು ರಜೆಗೆ ಹಳ್ಳಿ ಹಳ್ಳಿಗೆ ಹೋಗಿದ್ದಾರೆ, ಕೆಲವರದು ಅರ್ಧ ದಿನದ ನಡಿಗೆ. ಮತ್ತೆ ಕರೆಸಿ ಫೋಟೋ ತೆಗೆಯುವ ಮಾತೇ ಇಲ್ಲ. ಪಟ್ಟಿ ಹೋಗದಿದ್ದರೆ ಇನ್ನೂರ ಹದಿನಾಲ್ಕು ಮಕ್ಕಳಿಗೂ ಒಂದೊಂದು ವರ್ಷ ದಂಡ.

"ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಡಿಸ್ಕ್ ಸತ್ತೋಗಿದೆ ಅಂದ," ಎಂದರು ಯಿಮಾಮ್. "ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀನಿ ಅಂದ. ಕಿತ್ಕೊಂಡು ಓಡಿಬಂದೆ."

"ಒಳ್ಳೇ ಕೆಲಸ ಮಾಡಿದ್ರಿ. ಕೂತ್ಕೊಳಿ," ಎಂದು ಲುಬಾಬಾ ಗುಂಡಿ ಒತ್ತಿದಳು.

ನಾನು ಕತ್ತರಿ ಕೆಳಗಿಟ್ಟು ಈ ಕಡೆ ಬಂದಿದ್ದೆ. ಪಟ್ಟಿ ಬಂತು. ಲಿನಕ್ಸ್ ಆರಿಸಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ನಾಲ್ಕು ಸಾಲು ಓಡಿ, ನಿಂತುಬಿಟ್ಟವು. ಲುಬಾಬಾ ಬಗ್ಗಿ ಓದಿದಳು. ಹದಿನೇಳನೇ ಪುಸ್ತಕ ತೆಗೆದು, ಬೆರಳಿಟ್ಟು ಏನೋ ಹುಡುಕಿ, ಮುಚ್ಚಿದಳು. ಯಂತ್ರ ಆರಿಸಿದಳು. ಆಮೇಲೆ ಕೆಂಡ ಊದಲು ಕೂತಳು.

"ಏನಿದು?" ಎಂದರು ಯಿಮಾಮ್.

"ಕಾಫಿ ಸರ್."

"ನಂಗೆ ಕಾಫಿ ಬೇಡಮ್ಮಾ! ಟೈಮ್ ನೋಡಿ!"

"ಟೈಮೇ ನೋಡ್ತಾ ಇದೀನಿ," ಎಂದಳು.

ನನಗೂ ರೇಗಿತು. "ಮಾರಾಯ್ತಿ, ಮನೆಗೆ ಬೆಂಕಿ ಬಿದ್ದೋನಿಗೆ ಜಾತಕ ಕೇಳ್ತಾ ಕೂತ್ಕೋಬೇಡ, ಮೊದ್ಲು ನೀರು ಹಾಕು," ಎಂದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಹಸಿ ಬೀಜ ಬಾಣಲೆಯಲ್ಲಿ ಸಿಡಿಯತೊಡಗಿತು. ಲೋಬಾನದ ಹೊಗೆ ಎದ್ದಿತು. ನನ್ನ ಮುಂದೆ ಹುರಿದ ಬಾರ್ಲಿಯ ತಟ್ಟೆ ತಳ್ಳಿದಳು, ಬಾಯಿ ಮುಚ್ಚಿಸಲು ಇರಬೇಕು.

ಮೊದಲ ಬಟ್ಟಲು. "ಕೆಡೋ ಮುಂಚೆ ಯಾರ್ ಏನ್ ಮಾಡಿದ್ರು ಸರ್?"

"ಯಾರೂ ಏನೂ ಮಾಡಿಲ್ಲ. ಚೆನ್ನಾಗಿತ್ತು. ಬೆಳಿಗ್ಗೆ ನೋಡಿದ್ರೆ ಹೀಗೆ."

ಎರಡನೇ ಬಟ್ಟಲು. ಯಿಮಾಮ್ ಬಿಸಿಬಿಸಿಯಾಗಿಯೇ ಗುಟುಕರಿಸಿದರು. "ನೋಡಿ, ಇದನ್ನ ನೋಡ್ಕೊಳ್ತಿದ್ದೋಳು ನಮ್ ಗುಮಾಸ್ತೆ, ಎಂಗುದಾಯ್ ಅಂತ. ಮಕ್ಕಳ ಮಾಹಿತಿ ತುಂಬಿದ್ದೆಲ್ಲ ಅವಳೇ. ಬೆಳಿಗ್ಗೆ ಮೊದ್ಲು ಮುಟ್ಟಿದ್ದೂ ಅವಳೇ. ಅವಳು ಮುಟ್ಟಿದ್ಮೇಲೇ ಕೆಟ್ಟಿದ್ದು. ನಾನು ಸುಮ್ನೆ ಬಿಡ್ತೀನಾ? ಎಲ್ಲಾ ಮೇಷ್ಟ್ರುಗಳ ಮುಂದೆ ಬೈದು ಮನೆಗೆ ಕಳಿಸಿದೀನಿ. ಇನ್ಮೇಲೆ ಬರ್ಬೇಡ ಅಂದಿದೀನಿ."

"ಅವಳೇನಂದ್ಲು?"

"ಏನೋ ಹೇಳಕ್ ಬಂದ್ಲು. ಕೇಳೋಷ್ಟು ತಾಳ್ಮೆ ಯಾರಿಗಿತ್ತು?"

ಲುಬಾಬಾ ಹೂಜಿಗೆ ಮತ್ತೆ ನೀರು ಹಾಕಿದಳು. ಮೂರನೇ ಬಟ್ಟಲು ಕಾಯುವ ಹೊತ್ತಿಗೆ ಎಂಟೂವರೆ. ನನಗೇ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಆ ಮನುಷ್ಯನ ಗತಿ ಏನಾಗಿರಬೇಡ. ಅವಳು ಮಾತ್ರ ಆರಾಮಾಗಿ, "ಅದರ ಹಿಂದಿನ್ ದಿನ ಸಂಜೆ, ಅವಳು ಹೋದ್ಮೇಲೆ, ನೀವು ಕೂತಿದ್ರಾ?" ಎಂದಳು.

"ಕೂತಿದ್ದೆ. ಮಕ್ಕಳ ಪಟ್ಟಿ ಸರಿ ಇದ್ಯಾ ಅಂತ ನೋಡ್ದೆ."

"ಸರಿ ಇತ್ತಾ?"

"ಎಲ್ಲಿ ಸರಿ! ಮಕ್ಕಳ ವಯಸ್ಸೆಲ್ಲ ತಪ್ಪು. ಹದಿನೆಂಟರ ಹುಡುಗಿಗೆ ಇಪ್ಪತ್ತಾರು ಅಂತ ತೋರಿಸ್ತಿತ್ತು. ಎಲ್ರಿಗೂ ಎಂಟೆಂಟು ವರ್ಷ ಜಾಸ್ತಿ! ಯಾಕೆ ಅಂತ ನೋಡಿದ್ರೆ, ಮಿಷಿನ್ನಿನ ತಾರೀಕೇ ತಪ್ಪು. ನಮ್ಮ ಪಂಚಾಂಗದಲ್ಲಿ 2017ನೇ ಇಸವಿ, ಅದು ಹೊರದೇಶದವರ ಹಾಗೆ 2025 ಅಂತ ಹೇಳ್ತಿದೆ. ಗಂಟೆನೂ ತಪ್ಪು, ಆರು ಗಂಟೆ ವ್ಯತ್ಯಾಸ." ಅವರ ದನಿ ಸ್ವಲ್ಪ ಇಳಿಯಿತು. "ಸರಿ ಮಾಡೋಣ ಅಂದ್ರೆ ಲಿನಕ್ಸ್ ಕಡೆ ಪಾಸ್‌ವರ್ಡ್ ಕೇಳ್ತು. ಅದು ಎಂಗುದಾಯ್‌ಗೆ ಗೊತ್ತು. ಅವಳನ್ನ ಕೇಳೋದಾ? ವಿಂಡೋಸ್ ಕಡೆ ಹೋಗಿ, ನಮ್ಮ ಇಸವಿ, ನಮ್ಮ ಗಂಟೆ ಇಟ್ಟೆ. ಮಿಷಿನ್ ಯಾವ ದೇಶದಲ್ಲಿದೆ? ನಮ್ಮಲ್ಲಿ ತಾನೇ? ಆಮೇಲೆ ಆರಿಸಿ ಮನೆಗೆ ಹೋದೆ. ಅಷ್ಟೇ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಲುಬಾಬಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟಳು. "ಕುಡೀರಿ ಸರ್. ನಿಮ್ಮ ಮಕ್ಕಳು ಎಲ್ಲೂ ಹೋಗಿಲ್ಲ."

ಯಿಮಾಮ್ ಬಟ್ಟಲಿಗೆ ತುಟಿ ಹಚ್ಚಿದರು.

"ಒಂದೇ ಮನೇಲಿ ಎರಡು ಸಂಸಾರ," ಎಂದು ಅವಳು ಬಿಡಿಸಿ ಹೇಳಿದಳು. "ಅಡುಗೆಮನೆ ಬೇರೆ, ಪಾತ್ರೆ ಬೇರೆ. ಆದ್ರೆ ಗೋಡೆ ಗಡಿಯಾರ ಒಂದೇ. ಈ ಕಡೆಯವ್ರು ಮುಳ್ಳು ತಿರುಗಿಸಿದ್ರೆ ಆ ಕಡೆಯವ್ರಿಗೂ ಅದೇ ಟೈಮು. ಲಿನಕ್ಸ್ ಪಾಪ ಬೆಳಿಗ್ಗೆ ಎದ್ದು ತನ್ನ ಪುಸ್ತಕ ತೆಗೆದು ನೋಡ್ತು. ಹೋದ ಸಲ ಬಾಗಿಲು ಹಾಕಿದ್ದು 2025ರಲ್ಲಿ ಅಂತ ಬರೆದಿದೆ. ಗಡಿಯಾರ ನೋಡಿದ್ರೆ 2017. ಇನ್ನೂ ಬರದೇ ಇರೋ ವರ್ಷದಲ್ಲಿ ನಾನು ಹೇಗೆ ಬಾಗಿಲು ಹಾಕ್ದೆ? ಏನೋ ಎಡವಟ್ಟಾಗಿದೆ, ಯಾರಾದ್ರೂ ಮನುಷ್ಯರು ಬಂದು ನೋಡೋ ತನಕ ನಾನು ಏನೂ ಮುಟ್ಟಲ್ಲ ಅಂತ ಕೂತುಬಿಡ್ತು. ಸತ್ತಿಲ್ಲ ಸರ್, ಹುಷಾರಾಗಿದೆ ಅಷ್ಟೇ."

"ನಿಂಗೆ ಇದು ಮೊದಲೇ ಗೊತ್ತಿತ್ತು!" ಎಂದು ನಾನು ಕೂಗಿದೆ. "ಪರದೆ ನೋಡಿದ ತಕ್ಷಣ ಗೊತ್ತಿತ್ತು! ಈ ಮನುಷ್ಯನ್ನ ಒಂದೂವರೆ ತಾಸು ಕೆಂಡದ ಮೇಲೆ ಕೂರಿಸಿದ್ದೀಯಲ್ಲೇ!"

"ಗಡಿಯಾರ ತಿರುಗ್ಸೋಕೆ ಒಂದು ನಿಮಿಷ ಸಾಕು ಗಾಶೆ ಮೆಕುರಿಯಾ. ಯಾಕೆ ತಿರುಗ್ಸಿದ್ರು ಅಂತ ಗೊತ್ತಾಗ್ದಿದ್ರೆ, ಬಾಗಿಲು ದಾಟೋ ಮುಂಚೆ ಮತ್ತೆ ತಿರುಗಿಸ್ತಾರೆ. ನೀವು ಸೊಂಟ ಅಳೀದೆ ಪ್ಯಾಂಟ್ ಹೊಲೀತೀರಾ?"

ನಾನು ಬಾರ್ಲಿ ಅಗಿದೆ. ಅವಳೊಂದಿಗೆ ವಾದ ಮಾಡಿ ಗೆದ್ದ ದಾಖಲೆ ನನ್ನದಿಲ್ಲ.

ಯಂತ್ರ ಹಚ್ಚಿದ ಕೂಡಲೇ ಒಂದು ಗುಂಡಿಯನ್ನು ಟಕಟಕ ಒತ್ತಿ, ಎರಡೂ ಸಂಸಾರಕ್ಕಿಂತ ಮೊದಲು ಬರುವ ನೀಲಿ ಪರದೆಗೆ ಹೋದಳು. ಅಲ್ಲಿ ವರ್ಷ, ತಿಂಗಳು, ಗಂಟೆ ಎಲ್ಲ ಹೊರಗಿನವರ ಲೆಕ್ಕಕ್ಕೆ ತಿದ್ದಿ ಮತ್ತೆ ಎಬ್ಬಿಸಿದಳು. ಪಟ್ಟಿ ಬಂತು. ಲಿನಕ್ಸ್. ಕಪ್ಪು ಪರದೆ. ಬಿಳಿ ಸಾಲುಗಳು ಓಡಿದವು, ಓಡಿದವು, ನಿಲ್ಲಲಿಲ್ಲ. ಆಮೇಲೆ ಬಣ್ಣ ಬಂತು, ಹಳದಿ ಹೂವಿನ ಚಿತ್ರ ಬಂತು. ಯಿಮಾಮ್ ಫೋನಿನ ಕವರಿನಲ್ಲಿದ್ದ ಒಂದು ಚೀಟಿ ತೆಗೆದರು. ಕೆಲಸ ಬಿಡಿಸುವಾಗ ಎಂಗುದಾಯ್ ಪಾಸ್‌ವರ್ಡ್ ಬರೆದು ಅವರ ಮೇಜಿನ ಮೇಲೆ ಇಟ್ಟು ಹೋಗಿದ್ದಳಂತೆ. ಅದನ್ನು ಕೇಳಿ ನನಗೆ ಆ ಹುಡುಗಿಯನ್ನು ನೋಡದೆಯೇ ಮರುಕ ಬಂತು.

ಮಕ್ಕಳ ಪಟ್ಟಿ ತೆರೆಯಿತು. ಇನ್ನೂರ ಹದಿನಾಲ್ಕು ಮುಖಗಳು, ಸಾಲು ಸಾಲಾಗಿ. ಒಂದು ಹುಡುಗಿಯ ಶಾಲು ಕಣ್ಣಿನ ತನಕ ಇಳಿದಿತ್ತು, ಒಬ್ಬ ಹುಡುಗ ನಗು ತಡೆಯಲು ಕೆನ್ನೆ ಉಬ್ಬಿಸಿದ್ದ. ಯಿಮಾಮ್ ಗಾಬಿಯ ಅಂಚಿನಿಂದ ಮುಖ ಒತ್ತಿಕೊಂಡು ಅತ್ತರು. ಹೋದ ಜೀವ ಬಂದಂತಾಯಿತು ಎನ್ನುತ್ತೇವಲ್ಲ, ಅದನ್ನು ಅವತ್ತು ಕಣ್ಣಾರೆ ಕಂಡೆ.

ಆದರೆ ಸಂತೋಷ ನಾಲ್ಕು ನಿಮಿಷವೂ ನಿಲ್ಲಲಿಲ್ಲ. ಮುಖಗಳ ಕೆಳಗೆ ವಯಸ್ಸು ಇತ್ತು. ಇಪ್ಪತ್ತಾರು. ಇಪ್ಪತ್ತೇಳು. ಇಪ್ಪತ್ತಾರು.

"ಮತ್ತೆ ಅದೇ ಕತೆ," ಎಂದರು ಯಿಮಾಮ್. "ಹೀಗೇ ಕಳಿಸಿದ್ರೆ ವಾಪಸ್ ಬರುತ್ತೆ."

ಲುಬಾಬಾ ಅಲ್ಲಿ ಇಲ್ಲಿ ಒತ್ತಿ ನೋಡಿದಳು. ಯಂತ್ರ ಎಬ್ಬಿಸುವುದು ಅವಳಿಗೆ ಗೊತ್ತು. ಈ ಪರೀಕ್ಷೆಯ ತಂತ್ರಾಂಶವನ್ನು ಅವಳು ನೋಡಿಯೇ ಇರಲಿಲ್ಲ. ಹುಟ್ಟಿದ ವರ್ಷಗಳು ನಮ್ಮ ಲೆಕ್ಕದಲ್ಲಿವೆ, ಯಂತ್ರದ ಇಸವಿ ಹೊರಗಿನವರ ಲೆಕ್ಕದಲ್ಲಿದೆ, ಅಷ್ಟು ಸ್ಪಷ್ಟ. ಇನ್ನೂರ ಹದಿನಾಲ್ಕನ್ನೂ ಕೈಯಿಂದ ತಿದ್ದಲು ಹೊತ್ತಿರಲಿಲ್ಲ. ಒಂಬತ್ತೂವರೆ ಆಗಿತ್ತು.

"ಇದನ್ನ ತುಂಬಿದೋರ್ಗೆ ಗೊತ್ತಿರುತ್ತೆ," ಎಂದಳು ಲುಬಾಬಾ. "ಫೋನ್ ಮಾಡಿ."

ಯಿಮಾಮ್ ನೆಲ ನೋಡಿದರು. "ಬೇರೆ ಶಾಲೆ ಗುಮಾಸ್ತರನ್ನ ಕೇಳೋಣ."

"ಕೇಳಿ. ನಾನ್ಯಾಕೆ ಬೇಡ ಅನ್ನಲಿ."

ಕೇಳಿದರು. ಒಬ್ಬರು ತೆಗೆಯಲಿಲ್ಲ, ಇನ್ನೊಬ್ಬರು ತಮ್ಮ ಪಟ್ಟಿಯದೇ ಗೋಳು ಹೇಳಿಕೊಂಡರು. ಹತ್ತಕ್ಕೆ ಕಾಲು ಗಂಟೆ ಇತ್ತು. ಇನ್ನೂರ ಹದಿನಾಲ್ಕು ಮಕ್ಕಳ ವರ್ಷ ಒಂದು ಕಡೆ, ಒಬ್ಬ ಮನುಷ್ಯನ ಮುಖಭಂಗ ಇನ್ನೊಂದು ಕಡೆ. ಅವರ ಹೆಬ್ಬೆರಳು ಆ ಹೆಸರಿನ ಮೇಲೆ ಹೋಗಿ ಹೋಗಿ ಹಿಂದೆ ಬರುತ್ತಿತ್ತು. ನಾನು ಬೈಯಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ನನಗೂ ಅರವತ್ತು ಆಗಿದೆ. ಚಿಕ್ಕವರ ಹತ್ತಿರ ತಪ್ಪಾಯಿತು ಎನ್ನುವುದು ಎಷ್ಟು ಕಷ್ಟವೆಂದು ನನಗೂ ಗೊತ್ತು.

ಕೊನೆಗೆ ಒತ್ತಿದರು. ಲುಬಾಬಾ ಅವರ ಕೈಯಿಂದ ಫೋನು ತೆಗೆದುಕೊಂಡು, ಧ್ವನಿ ಎಲ್ಲರಿಗೂ ಕೇಳುವಂತೆ ಮಾಡಿ, ಮೇಜಿನ ಮೇಲೆ ಇಟ್ಟಳು.

"ಹಲೋ," ಎಂದಿತು ಒಂದು ತೆಳು ದನಿ.

"ಎಂಗುದಾಯ್. ನಾನು. ಯಿಮಾಮ್." ಎಂದರು. "ಮಿಷಿನ್ ಕೆಡಿಸಿದ್ದು ನೀನಲ್ಲಮ್ಮಾ. ನಾನು. ಹಿಂದಿನ್ ದಿನ ಸಂಜೆ ತಾರೀಕು ತಿರುಗ್ಸಿದ್ದೆ. ಗೊತ್ತಿಲ್ದೆ ನಿನ್ ಮೇಲೆ ಹಾಕ್ದೆ. ಎಲ್ರ ಮುಂದೆ ಬೈದೆ. ತಪ್ಪು ನಂದು."

ಆ ಕಡೆ ಎಲ್ಲೋ ಕೋಳಿ ಕೂಗುವುದು ಕೇಳಿಸಿತು. ಬೈದಾಳು, ಇಟ್ಟುಬಿಟ್ಟಾಳು ಎಂದುಕೊಂಡೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಎರಡನ್ನೂ ಮಾಡುತ್ತಿದ್ದೆ.

"ಮಕ್ಕಳ ಫೋಟೋ ಉಳಿದ್ವಾ ಸರ್?" ಎಂದಳು ಹುಡುಗಿ.

ಲುಬಾಬಾ ಬಗ್ಗಿ, "ಎಲ್ಲಾ ಉಳಿದಿವೆ ಕಣಮ್ಮಾ. ಒಂದೂ ಹೋಗಿಲ್ಲ. ವಯಸ್ಸು ಮಾತ್ರ ಇಪ್ಪತ್ತಾರು ಅಂತಿದೆ," ಎಂದಳು.

"ಅಯ್ಯೋ, ವಯಸ್ಸೂ ತಪ್ಪು ಅಂತ ಸರ್ ಬೈದಾಗ ಅದನ್ನೇ ಹೇಳೋಕ್ ಬಂದಿದ್ದೆ. ಅದು ತಪ್ಪಲ್ಲ, ಕೊನೇಲಿ ಒಂದೇ ಸಲ ಬದಲಾಯಿಸ್ಬೇಕು. ಮೇಲೆ ಬಲಗಡೆ ಮೂಲೇಲಿ ಒಂದು ಸಣ್ಣ ಚೌಕ ಇದೆ ನೋಡಿ, ಯಾವ ಪಂಚಾಂಗ ಅಂತ ಕೇಳುತ್ತೆ. ಅದರಲ್ಲಿ ನಮ್ಮದು ಆರಿಸಿ."

ಲುಬಾಬಾ ಒತ್ತಿದಳು. ಇಪ್ಪತ್ತಾರೆಲ್ಲ ಒಮ್ಮೆಗೇ ಹದಿನೆಂಟಾದವು. ಇಡೀ ಶಾಲೆ ಕಣ್ಣ ಮುಂದೆಯೇ ಎಂಟು ವರ್ಷ ಚಿಕ್ಕದಾಯಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ಅವಳು ಕಳಿಸುವ ಗುಂಡಿ ಒತ್ತಿದಳು. ಒಂದೊಂದೇ ಮುಖ ದಾಟತೊಡಗಿತು. ಇಂಟರ್‌ನೆಟ್ ಎಳೆದಾಡಿತು, ನೂರ ನಲವತ್ತರಲ್ಲಿ ನಿಂತಿತು, ಮತ್ತೆ ಹೊರಟಿತು. ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಇರುವಾಗ ಹಸಿರು ಅಕ್ಷರದಲ್ಲಿ ಉತ್ತರ ಬಂತು.

ಫೋನು ಇನ್ನೂ ತೆರೆದೇ ಇತ್ತು. ಯಾರಿಗೂ ನೆನಪಿರಲಿಲ್ಲ. "ಎಷ್ಟು ಹೋಯ್ತು?" ಎಂದು ಅದರೊಳಗಿಂದ ಕೇಳಿಸಿತು.

"ಇನ್ನೂರ ಹದಿನಾಲ್ಕೂ," ಎಂದರು ಯಿಮಾಮ್.

ಆಗ ಆ ಸಣ್ಣ ಫೋನಿನಿಂದ ಇಲಿಲ್ತಾ ಹೊರಟಿತು. ಮದುವೆಗೆ, ಹೆರಿಗೆಗೆ ನಮ್ಮ ಹೆಂಗಸರು ನಾಲಿಗೆ ಕುಣಿಸಿ ಕೂಗುತ್ತಾರಲ್ಲ, ಆ ಕೂಗು. ಒಂದು ದನಿ, ಆಮೇಲೆ ಅವಳ ಪಕ್ಕದಲ್ಲಿದ್ದ ಇನ್ನೊಂದು ಮುದಿ ದನಿ. ಲುಬಾಬಾ ತಾನೂ ಕೂಗಿದಳು. ಎದುರಿನ ಮೆಣಸಿನಪುಡಿ ಅಂಗಡಿಯ ಹೆಂಗಸರು, ಏನು ಎತ್ತ ಕೇಳದೆ, ಅವರೂ ಕೂಗಿದರು. ಬೀದಿಯೇ ಮದುವೆ ಮನೆಯಾಯಿತು.

ಯಿಮಾಮ್ ಫೋನು ಎತ್ತಿಕೊಂಡರು. ಮುಖ ಹಗುರಾಗಿತ್ತು. ಅದರ ಜೊತೆ ಹಳೆಯ ಹೆಡ್‌ಮಾಸ್ಟರ ದನಿಯೂ ಸ್ವಲ್ಪ ವಾಪಸ್ ಬಂದಿತ್ತು. "ಆಯ್ತಮ್ಮಾ. ನಾಳೆ ಬೆಳಿಗ್ಗೆ ಎರಡು ಗಂಟೆಗೆ ಕೆಲಸಕ್ಕೆ ಬಾ."

"ಬರಲ್ಲ ಸರ್," ಎಂದಳು ಎಂಗುದಾಯ್.

ಲುಬಾಬಾ ಬಟ್ಟಲು ತೊಳೆಯುವುದನ್ನು ನಿಲ್ಲಿಸಿದಳು.

"ನೀವು ಬೈದಿದ್ದು ಎಲ್ರ ಮುಂದೆ. ತಪ್ಪು ಅಂತ ಹೇಳಿದ್ದು ಫೋನಲ್ಲಿ. ನಮ್ಮಮ್ಮ ಮೂರು ದಿನದಿಂದ ಊಟ ಮಾಡಿಲ್ಲ, ಮಗಳು ಏನೋ ಕೆಟ್ಟ ಕೆಲಸ ಮಾಡಿದಾಳೆ ಅಂತ. ನಮ್ಮನೆಗೆ ಬಂದು, ಅವಳ ಮುಂದೆ ಕೂತು, ಈಗ ಹೇಳಿದ್ದನ್ನೇ ಹೇಳಿ. ಆಮೇಲೆ ಬರ್ತೀನಿ."

ಯಿಮಾಮ್ ಎದ್ದು ನಿಂತರು. "ಬರ್ತೀನಮ್ಮಾ," ಎಂದರು. "ನಾಳೆ ಅಲ್ಲ, ಇವತ್ತೇ. ಕಡೇ ಬಸ್ ಇದೆ. ಅಮ್ಮನಿಗೆ ಊಟಕ್ಕೆ ಇಡು, ನಾನೂ ಅಲ್ಲೇ ಉಣ್ತೀನಿ."

ಗಾಬಿ ಎಳೆದುಕೊಂಡು, ಲುಬಾಬಾಳ ಕೈ ಹಿಡಿದು ಬಗ್ಗಿ ನಮಸ್ಕರಿಸಿ, ಓಡುತ್ತಲೇ ಹೋಗಿ ಒಂದು ಬಜಾಜ್ ಆಟೋ ಹತ್ತಿದರು. ಮೂರು ದಿನ ಎದೆಗವಚಿಕೊಂಡಿದ್ದ ಕಂಪ್ಯೂಟರನ್ನು ಮೇಜಿನ ಮೇಲೇ ಮರೆತಿದ್ದರು. ನಾನು ಮುದುಕ, ಅದನ್ನು ಎತ್ತಿಕೊಂಡು ಮಂಜಿನಲ್ಲಿ ಕೂಗುತ್ತಾ ಓಡಿ, ತಿರುವಿನಲ್ಲಿ ಆ ಗಾಡಿಯನ್ನು ನಿಲ್ಲಿಸಿ ಅವರ ಮಡಿಲಿಗೆ ಹಾಕಿ ಬಂದೆ.